ಹೆಜ್ಜೆ ಬೀಳದ ಬಯಲು

ನನ್ನ ಕೆಲಸ ಹೆಜ್ಜೆ ಅಳಿಸುವುದು.

ಹೇಳಿದರೆ ಜನ ನಗುತ್ತಾರೆ. ನೆಲ ಒರೆಸುವವರುಂಟು, ಪಾತ್ರೆ ತಿಕ್ಕುವವರುಂಟು, ಇದೆಂಥ ಕೆಲಸ ಎನ್ನುತ್ತಾರೆ. ಕೆಲಸವೇ. ಆರು ಚಳಿಗಾಲ ಮಾಡಿದ್ದೇನೆ. ಎಡಗಾಲಿನ ಎರಡು ಬೆರಳು ಅದಕ್ಕೇ ಹೋದವು.

ಉತ್ತರದ ತುತ್ತತುದಿಯ ಊರು ನಮ್ಮದು. ವರ್ಷದಲ್ಲಿ ಏಳು ತಿಂಗಳು ಹಿಮ. ಇರುವುದು ಒಂದು ದೊಡ್ಡ ಹೋಟೆಲು. ಅದರ ಮುಂದೆ ಬಯಲು. ಬಯಲಿನ ಆಚೆ ಬದಿಗೆ ಹೋಟೆಲಿನ ಕೆಲಸದವರ ಏಳು ಮರದ ಮನೆ. ಮನೆಗಳ ಹಿಂದೆ ಕಾಡು. ಕೆಳಗಿನ ಪಟ್ಟಣಗಳಿಂದ ಬಂದ ಜನ ಗಾಜಿನ ಕಿಟಕಿಯ ಹಿಂದೆ ಕೂತು ಇದನ್ನೆಲ್ಲ ನೋಡುತ್ತಾರೆ. ತುಳಿದ ಹಿಮ ಅವರಿಗೆ ಬೇಡ. ಅದು ಬಸ್ ನಿಲ್ದಾಣದಲ್ಲೂ ಸಿಗುತ್ತದೆ. ಯಾರೂ ಮುಟ್ಟದ ಹಿಮ ಬೇಕು. ಅದರಾಚೆ ಏಳು ಪುಟ್ಟ ಮನೆ ಬೇಕು. ಏಳು ಹೊಗೆಗೂಡಿನಿಂದ ಏಳು ಎಳೆ ಹೊಗೆ ಬೇಕು. ಮನೆಯೊಳಗೆ ಮನುಷ್ಯರಿದ್ದಾರೆ ಎಂದು ಹೊಗೆ ಹೇಳಬೇಕು. ಆದರೆ ಮನುಷ್ಯರು ನಡೆದದ್ದು ಕಾಣಬಾರದು.

ಬೆಳಕು ಹರಿಯುವ ಮೊದಲೇ ನಾವು ಹದಿನಾಲ್ಕು ಜನ ಕೆಲಸಕ್ಕೆ ಹೊರಡುತ್ತೇವೆ. ಬಯಲನ್ನು ನೇರ ದಾಟಿದರೆ ಹತ್ತು ನಿಮಿಷ. ದಾಟುವಂತಿಲ್ಲ. ಬಾಗಿಲಿಂದ ಎಡಕ್ಕೆ ಅರವತ್ತು ಹೆಜ್ಜೆ ನಡೆದು ಹಳ್ಳಕ್ಕಿಳಿಯಬೇಕು. ಹಳ್ಳದಲ್ಲಿ ಸುತ್ತಿಕೊಂಡು ಹೋಟೆಲಿನ ಹಿಂಬಾಗಿಲಿಗೆ ಹತ್ತಬೇಕು. ಮುಕ್ಕಾಲು ಗಂಟೆ. ಹೋಟೆಲಿನ ಬಚ್ಚಲ ನೀರು, ಅಡುಗೆಮನೆಯ ಜಿಡ್ಡು, ಬಟ್ಟೆ ಒಗೆದ ಸೋಪು ಎಲ್ಲ ಹರಿದು ಬಂದು ಅಲ್ಲೇ ಹೆಪ್ಪುಗಟ್ಟುತ್ತದೆ. ಆ ಹಿಮ ಬೂದು ಬಣ್ಣದ್ದು. ಅದರ ಫೋಟೋ ಯಾರೂ ತೆಗೆಯುವುದಿಲ್ಲ.

ಹಳ್ಳಕ್ಕಿಳಿದರೆ ನಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲಿನ ಆ ಅರವತ್ತು ಹೆಜ್ಜೆ ಮಾತ್ರ ಕಿಟಕಿಗೆ ಕಾಣುತ್ತದೆ. ಅದಕ್ಕೇ ನಾನು. ಎಲ್ಲರೂ ಮುಂದೆ ಹೋದ ಮೇಲೆ ನಾನು ಕೊನೆಯಲ್ಲಿ ಹೋಗುತ್ತೇನೆ. ನಡು ಬಗ್ಗಿಸಿ, ಹಿಮ್ಮುಖವಾಗಿ, ಅಗಲದ ಪೊರಕೆಯಿಂದ ಎಲ್ಲರ ಹೆಜ್ಜೆಯನ್ನೂ ಸವರುತ್ತಾ. ಒತ್ತಿದರೆ ಗೆರೆ ಬೀಳುತ್ತದೆ. ಹಗುರವಾದರೆ ಗುಳಿ ಉಳಿಯುತ್ತದೆ. ಮಲಗಿದ ಮಗುವಿನ ತಲೆ ನೇವರಿಸಿದ ಹಾಗೆ ಸವರಬೇಕು. ಕೊನೆಯಲ್ಲಿ ನನ್ನ ಹೆಜ್ಜೆಯನ್ನೂ ನಾನೇ ಅಳಿಸಿ ಹಳ್ಳಕ್ಕೆ ಜಾರುತ್ತೇನೆ.

"ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತೆ ಅಂತಾರೆ," ಎಂದು ಪಕ್ಕದ ಮನೆಯ ಸೋಪಕ್ಕ ಹಳ್ಳದೊಳಗಿಂದ ಕೂಗುತ್ತಿದ್ದಳು. "ಇವಳಿಗೆ ಪಾದಾನೇ ಇಲ್ಲ ಕಣ್ರೇ! ಗಂಡನ್ನ ಕೇಳ್ಬೇಕು, ಮದುವೆ ಯಾರ ಜೊತೆ ಆಯ್ತು ಅಂತ."

ಸೋಪಕ್ಕ ಹೋಟೆಲಿನ ಹಾಸಿಗೆ ಬಟ್ಟೆ ಒಗೆಯುವವಳು. ಬೆರಳ ಸಂದಿಯಲ್ಲೆಲ್ಲ ಬಿರುಕು. ನಕ್ಕರೆ ತುಟಿ ಒಡೆದು ರಕ್ತ ಬರುತ್ತದೆ. ಆದರೂ ನಗುತ್ತಾಳೆ.

ಅತ್ತೆಯ ಕೆಲಸ ಹೊಗೆ. ಒಣ ಸೌದೆ ಹಾಕಿದರೆ ಬೆಂಕಿ ಚೆನ್ನಾಗಿ ಉರಿಯುತ್ತದೆ, ಮನೆ ಬೆಚ್ಚಗಾಗುತ್ತದೆ, ಹೊಗೆ ಬರುವುದಿಲ್ಲ. ಹೋಟೆಲಿಗೆ ಹೊಗೆ ಬೇಕು. ಆದ್ದರಿಂದ ಕಾಡಿನ ಕಡೆಯಿಂದ ವಾರಕ್ಕೊಮ್ಮೆ ಬರುವ ಲಾರಿ ನಮ್ಮ ಮನೆಗಳಿಗೆ ಹಸಿ ಸೌದೆ ಇಳಿಸಿ ಹೋಗುತ್ತದೆ. ಒಣ ಸೌದೆ ಹೋಟೆಲಿನ ಒಲೆಗಳಿಗೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಐದು. ಹೋಟೆಲಿನ ಅತಿಥಿಗಳು ಚಹಾ ಕುಡಿಯುವ ಹೊತ್ತು. ಮೈಮುರಿದು ಕೆಲಸ ಮಾಡಲಾಗದ ವಯಸ್ಸಿನವಳು ಎಂದು ಅತ್ತೆಯನ್ನು ಇದಕ್ಕೆ ಹಾಕಿದ್ದರು. ಏಳು ಮನೆಯ ಏಳು ಒಲೆಯ ಮುಂದೂ ಅವಳೇ ಕೂತು ಊದಬೇಕು. ಹೊಗೆಯ ಅರ್ಧ ಆಕಾಶಕ್ಕೆ, ಅರ್ಧ ಅವಳ ಎದೆಗೆ.

ನಮ್ಮ ಗೋಡೆಗೆ ಒಂದು ಫೋನು ಹಾಕಿದ್ದಾರೆ. ಅದು ಒಂದೇ ಕಡೆಗೆ ಹೋಗುತ್ತದೆ, ಮ್ಯಾನೇಜರರ ಮೇಜಿಗೆ. ಹಗಲೆಲ್ಲ ಕಿಟಕಿಯಲ್ಲೇ ನಿಂತಿರುವುದರಿಂದ ಅವರನ್ನು ನಾವು ಕಿಟಕಿ ಸಾಹೇಬ ಎನ್ನುತ್ತೇವೆ. ಗದರುವ ಜನವಲ್ಲ. ಎಲ್ಲರಿಗೂ 'ಅಮ್ಮ' ಎಂದೇ ಮಾತು.

"ಅಮ್ಮ, ಮೂರನೇ ಮನೇದು ಸಣ್ಣ ಆಗಿದೆ. ಸ್ವಲ್ಪ ಊದ್ತೀರಾ?"

ಅತ್ತೆ ಊದುತ್ತಿದ್ದಳು.

ಒಲೆಯ ಮುಂದೆ ಕೂತರೆ ಅವಳ ಬಾಯಲ್ಲಿ ಪದ ಇರುತ್ತಿತ್ತು. ನೂರಾರು ಪದ ಅವಳಿಗೆ ಬಾಯಿಪಾಠ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಕೇಳುತ್ತಾ ಕೂತುಬಿಡುತ್ತಿದ್ದೆ. ಪದಗಳಲ್ಲಿ ದೇವರನ್ನು ಅವಳು ಬೇಡುತ್ತಿರಲಿಲ್ಲ. ಪಕ್ಕದ ಮನೆಯವನ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು.

*ಮುಂದೆ ನಡೆವವನೆ, ಮೆಲ್ಲಗೆ ನಡೆಯೊ,*
*ಮಂಜು ಕವಿದಿದೆ ದಾರಿಗೆ;*
*ಒಂದು ಹೆಜ್ಜೆಯ ಬಿಟ್ಟು ನಡೆಯೊ*
*ಹಿಂದೆ ಬರುವ ನನಗೆ.*

ಮೊದಲ ವರ್ಷ ನಾಲ್ಕು ಸಾಲೂ ಒಂದೇ ಉಸಿರಿಗೆ ಬರುತ್ತಿದ್ದವು. ಮೂರನೆಯ ವರ್ಷ ಎರಡು ಸಾಲಿಗೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದಳು. ಐದನೆಯ ವರ್ಷ ಸಾಲಿಗೊಂದು ಉಸಿರು. ಈ ಚಳಿಗಾಲ ಪದ ಮುಗಿಯುವಷ್ಟರಲ್ಲಿ ಬೆಂಕಿಯೇ ಆರಿರುತ್ತಿತ್ತು. ಹೋಟೆಲಿನಾಚೆ ರಸ್ತೆಯಲ್ಲಿರುವ ಸಣ್ಣ ಆಸ್ಪತ್ರೆಯವರು ಎದೆಗೆ ಏನೇನೋ ಹಚ್ಚಿ ನೋಡಿ, ಬೀಡಿ ಸೇದ್ತೀರಾ ಎಂದು ಕೇಳಿದರು.

"ಇಲ್ಲಪ್ಪ, ಮನೆ ಸೇದ್ತೀನಿ," ಎಂದಳು ಅತ್ತೆ.

ಪ್ರತಿ ವರ್ಷ ಹೋಟೆಲಿನವರು ಕ್ಯಾಲೆಂಡರು ಮಾಡಿಸುತ್ತಾರೆ. ಈ ವರ್ಷದ್ದರಲ್ಲಿ ನಮ್ಮ ಮನೆಯೇ ಇದೆ. ಬಿಳಿ ಬಯಲು, ಹೊಂಬಿಸಿಲು, ಹೊಗೆ. ಕೆಳಗೆ 'ಕಾಲವೇ ನಿಂತಿರುವ ಊರು' ಎಂದು ಅಚ್ಚಾಗಿದೆ. ನಾನು ಓದಿ ಹೇಳಿದೆ. ಅತ್ತೆ ಬಕೆಟ್ಟಿನಲ್ಲಿ ಹಿಮ ಕರಗಿಸುತ್ತಿದ್ದಳು.

"ಕಾಲ ನಿಂತಿದೆಯಂತಾ? ನಿಂತಿರೋದು ನಲ್ಲಿ ನೀರು. ಎರಡು ತಿಂಗಳಾಯ್ತು. ಅದನ್ನೂ ಕೆಳಗೆ ಬರ್ಕೊಳ್ಳೋಕೆ ಹೇಳು."

ಹೆಜ್ಜೆ ಅಳಿಸಿ ಮುಗಿದ ಮೇಲೆ ನಾನು ಹೋಟೆಲಿನ ಪಡಸಾಲೆ ಒರೆಸುತ್ತೇನೆ. ಒಮ್ಮೆ ಒಬ್ಬ ಹೆಂಗಸು ಅದೇ ಕ್ಯಾಲೆಂಡರಿನ ಮುಂದೆ ನಿಂತು ನನ್ನನ್ನು ಕೇಳಿದಳು.

"ಈ ಮನೆಯಲ್ಲಿ ನಿಜವಾಗಿ ಯಾರಾದರೂ ಇದ್ದಾರಾ?"

ಕೆಲಸದವರು ಅತಿಥಿಗಳ ಜೊತೆ ಮನೆ ವಿಷಯ ಮಾತಾಡಬಾರದು. "ಇರಬಹುದು ಮೇಡಂ," ಎಂದೆ.

"ಎಂಥಾ ಪುಣ್ಯವಂತರು!" ಎಂದಳು. ನಿಜವಾಗಿಯೂ ಅವಳ ಕಣ್ಣು ತುಂಬಿತ್ತು.

ಆ ಬೆಳಿಗ್ಗೆ ಅತ್ತೆ ಎದ್ದು ಕೂತಿದ್ದಳು. ಮಲಗಲು ಆಗುತ್ತಿರಲಿಲ್ಲ. ತುಟಿ ನೀಲಿ. ಉಸಿರು ಒಳಗೆ ಹೋಗುವಾಗ ಒದ್ದೆ ಕಟ್ಟಿಗೆ ಉರಿಯುವ ಸದ್ದು. ಉಳಿದ ಆರು ಮನೆಯವರೂ ಹೊರಟು ಹೋಗಿ ಗಂಟೆಯ ಮೇಲಾಗಿತ್ತು, ಬಿಸಿಲು ಬಿದ್ದಿತ್ತು. ಅವರ ಹೆಜ್ಜೆ ಅಳಿಸಿ ಬಂದು ನೋಡಿದರೆ ಈ ಸ್ಥಿತಿ. ನನ್ನವರು ಹೋಟೆಲಿಗೆ ಜಾರುಬಂಡಿಯಲ್ಲಿ ಸೌದೆ ಎಳೆಯುವವರು. ಬಂಡಿ ಹೂಡಿ ಹೊರಡುತ್ತಿದ್ದವರು ಅಲ್ಲೇ ನಿಂತರು. ಬಾಯಿ ಸತ್ತ ಮನುಷ್ಯ. ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು.

"ಆಸ್ಪತ್ರೆಗೆ," ಎಂದೆ. "ಬಂಡಿ ಮೇಲೆ ಮಲಗಿಸಿ. ಬಯಲು ದಾಟಿಬಿಡೋಣ. ಆಚೆ ರಸ್ತೆ ಸಿಕ್ಕಿದ್ರೆ ಹೋಟೆಲಿನ ಯಾವುದಾದ್ರೂ ಗಾಡಿ ಸಿಗುತ್ತೆ. ಕಾಡಿನ ದಾರೀಲಿ ಎಳ್ಕೊಂಡು ಹೋದ್ರೆ ಮಧ್ಯಾಹ್ನ ಆಗುತ್ತೆ."

"ಕೇಳು ಮೊದ್ಲು," ಎಂದರು ಅವರು. "ಕೇಳದೆ ಹೋದ್ರೆ ಆಮೇಲೆ ಮನೆ..."

ಮನೆ ಹೋಟೆಲಿನದು. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಈ ಚಳಿಯಲ್ಲಿ ಮನೆ ಇಲ್ಲದವರು ಎರಡನೆಯ ಬೆಳಗು ಕಾಣುವುದಿಲ್ಲ.

ನಾನು ಫೋನು ಎತ್ತಿದೆ.

"ಸಾಹೇಬ್ರೇ, ಅತ್ತೆಗೆ ಉಸಿರೇ ಬರ್ತಿಲ್ಲ. ಬಯಲು ದಾಟಿ ಕರ್ಕೊಂಡು ಬರ್ತೀವಿ. ಒಂದು ಸಲ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಅಯ್ಯೋ. ಇವತ್ತೇ ಆಗ್ಬೇಕಾ ಅಮ್ಮ?"

"ಉಸಿರು ಇವತ್ತೇ ನಿಲ್ತಿದೆ ಸಾಹೇಬ್ರೇ."

"ಹಾಗಲ್ಲ. ನಿಮಗೆ ಗೊತ್ತಲ್ಲ, ಹೊಸ ಕ್ಯಾಲೆಂಡರಿನ ಕ್ಯಾಮೆರಾದವರು ಮೂರು ದಿನದಿಂದ ಬಿಸಿಲಿಗೆ ಕಾದು ಕೂತಿದ್ದಾರೆ. ಇವತ್ತು ಬಂದಿದೆ. ಮುಂದಿನ ವರ್ಷದ್ದೆಲ್ಲ ಇದರ ಮೇಲೇ ನಿಂತಿರೋದು. ನಿಮ್ಮ ಕೆಲಸಾನೂ ಸೇರಿ. ಬಂಡಿ ಗೆರೆ ಬಿದ್ರೆ ಪೊರಕೆಗೂ ಹೋಗಲ್ಲ. ಹಳ್ಳದಲ್ಲೇ ಬಂದ್ಬಿಡಿ. ಅರ್ಧ ಗಂಟೆ ತಾನೇ? ನಾನು ಹಿಂಬಾಗಿಲಲ್ಲಿ ಗಾಡಿ ನಿಲ್ಲಿಸಿರ್ತೀನಿ. ನನ್ನ ತಾಯಿ ಆಗಿದ್ರೂ ಇದನ್ನೇ ಹೇಳ್ತಿದ್ದೆ."

ಕಾಲು ಹಿಡಿಯುತ್ತೇನೆ ಎಂದೆ. ಫೋನಿನಲ್ಲಿ ಕಾಲು ಎಲ್ಲಿಂದ ಬರಬೇಕು.

"ಅಮ್ಮ, ಇನ್ನೊಂದು," ಎಂದರು. "ಹೊರಡೋ ಮುಂಚೆ ಒಲೆಗೆ ನಾಲ್ಕು ಹಸಿ ಕಟ್ಟಿಗೆ ಹಾಕಿ ಹೋಗ್ತೀರಾ?"

ಹಾಕಿದೆ. ದೇವರಾಣೆಗೂ ಹಾಕಿದೆ. ಅತ್ತೆಯ ಕಣ್ಣೆದುರಿಗೇ ಹಾಕಿದೆ.

ಕಂಬಳಿ ಸುತ್ತಿ ಅವಳನ್ನು ಬಂಡಿಯ ಮೇಲೆ ಒರಗಿಸಿ ಕಟ್ಟಿದೆವು. ಸೌದೆ ಕಟ್ಟುವ ಹಗ್ಗವೇ. ನನ್ನವರು ಮುಂದೆ ಎಳೆದರು. ನಾನು ಹಿಂದೆ. ಅರವತ್ತು ಹೆಜ್ಜೆ. ಬಂಡಿ ಹಳ್ಳಕ್ಕೆ ಜಾರಿತು. ಹಳ್ಳದೊಳಗೆ ಬಿಸಿಲಿಲ್ಲ. ಬೂದು ಹಿಮದ ಮೇಲೆ ಸೋಪಿನ ನೀರು ಗಾಜಾಗಿತ್ತು. ಅವರು ಎರಡು ಸಲ ಬಿದ್ದರು. ಮೊಣಕಾಲು ಒಡೆದು ರಕ್ತ ಬಂತು, ಬಂದಲ್ಲೇ ಹೆಪ್ಪುಗಟ್ಟಿತು. ಬಂಡಿ ಕಲ್ಲಿಗೆ ಸಿಕ್ಕಾಗಲೆಲ್ಲ ನಾನು ಹೆಗಲು ಕೊಟ್ಟು ಎತ್ತಬೇಕಿತ್ತು. ಎತ್ತಿದಾಗಲೆಲ್ಲ ಅತ್ತೆಯ ತಲೆ ನನ್ನ ಎದೆಗೆ ಬಂದು ಬಡಿಯುತ್ತಿತ್ತು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೇಲಿನಿಂದ ಲಾರಿಯ ಹಾರನ್ ಕೇಳಿತು. ನಮ್ಮ ಮನೆಗಳ ಹಿಂದಿನಿಂದ. ಒಂದು ಸಲ, ಮತ್ತೆ ಒಂದು ಸಲ, ಉದ್ದಕ್ಕೆ.

"ಸೌದೆ ಬಂತೂಂತ ಕಾಣುತ್ತೆ," ಎಂದರು ನನ್ನವರು. "ನಿನ್ನೆ ಬರ್ಬೇಕಿತ್ತು."

ಎಳೆದರು. ನಾನು ತಳ್ಳಿದೆ.

ಅರ್ಧ ದಾರಿ ದಾಟಿದ ಮೇಲೆ ಅತ್ತೆ ಕಣ್ಣು ಬಿಟ್ಟಳು. ಮುಂದೆ ಬಗ್ಗಿ ಎಳೆಯುತ್ತಿದ್ದ ಮಗನ ಬೆನ್ನು ನೋಡಿದಳು. ನನ್ನ ಕಡೆ ತಿರುಗಲಿಲ್ಲ.

"ಮುಂದೆ... ನಡೆವವನೆ..." ಎಂದಳು.

ನಾನು ಮುಂದಿನ ಮಾತಿಗೆ ಕಾದೆ. ಆರು ವರ್ಷದ ಅಭ್ಯಾಸ. ಅವಳು ಉಸಿರು ಎಳೆದುಕೊಳ್ಳುವವರೆಗೆ ಸುಮ್ಮನಿರಬೇಕು, ಆಮೇಲೆ ಬರುತ್ತದೆ. ಸುಮ್ಮನಿದ್ದೆ. ನನ್ನವರು ಎಳೆಯುತ್ತಲೇ ಇದ್ದರು. ಎಷ್ಟು ಹೊತ್ತು ಕಾದೆನೋ ತಿಳಿಯದು. ಆಮೇಲೆ ಬಂಡಿ ಹಿಡಿದು ನಿಲ್ಲಿಸಿದೆ.

"ರೀ, ಸಾಕು," ಎಂದೆ. "ಇನ್ನು ಎಳೀಬೇಡಿ."

ಅವರು ತಿರುಗಿ ನೋಡಲಿಲ್ಲ. ಹಗ್ಗ ಹೆಗಲ ಮೇಲಿದ್ದ ಹಾಗೆಯೇ ಹಿಮದ ಮೇಲೆ ಕುಕ್ಕರಿಸಿದರು.

ಹೋಟೆಲಿನ ಕಡೆಯಿಂದ ಇಬ್ಬರು ಓಡಿಬಂದರು. ಮುಂದೆ ಆಸ್ಪತ್ರೆಯ ನರ್ಸಮ್ಮ, ಬೆನ್ನಿಗೆ ಆಮ್ಲಜನಕದ ಸಿಲಿಂಡರು ಕಟ್ಟಿಕೊಂಡಿದ್ದಳು. ಹಿಂದೆ ಸೋಪಕ್ಕ, ಮೈಯೆಲ್ಲ ಒದ್ದೆ, ಬರಿಗೈ. ನರ್ಸಮ್ಮ ಅತ್ತೆಯ ಕುತ್ತಿಗೆ ಮುಟ್ಟಿದಳು. ರೆಪ್ಪೆ ಎತ್ತಿದಳು. ಸಿಲಿಂಡರು ಬಿಚ್ಚಿ ಕೆಳಗಿಟ್ಟಳು.

"ಎಷ್ಟು ಹೊತ್ತಾಯ್ತು?"

"ಈಗ," ಎಂದೆ. "ಈಗ ತಾನೆ."

ಅವಳು ಕಣ್ಣು ಮುಚ್ಚಿಕೊಂಡಳು. "ನಿಮ್ಮ ಮನೆಗೆ ಹೋಗಿದ್ದೆ ಕಣಮ್ಮ."

ಆಗ ಎಲ್ಲ ತಿಳಿಯಿತು. ನಾನು ಸಾಹೇಬರ ಜೊತೆ ಮಾತಾಡುವಾಗ ಪಕ್ಕದ ಕೋಣೆಯಲ್ಲಿ ಸೋಪಕ್ಕ ಇಸ್ತ್ರಿ ಹಾಕುತ್ತಿದ್ದಳು. ಸಾಹೇಬರ ಮಾತು ಕೇಳಿಸಿಕೊಂಡಳು. ಅವರು ಕಿಟಕಿಗೆ ಹೋದ ಕೂಡಲೇ ಅವರದೇ ಫೋನಿನಿಂದ ಆಸ್ಪತ್ರೆಗೆ ಹೇಳಿದಳು. ಸೌದೆ ಲಾರಿ ಆಸ್ಪತ್ರೆಯ ಮುಂದೆಯೇ ನಿಂತಿತ್ತು. ನರ್ಸಮ್ಮ ಅದನ್ನೇ ಹತ್ತಿ ಕಾಡಿನ ದಾರಿಯಲ್ಲಿ ನಮ್ಮ ಮನೆ ಹಿಂದಕ್ಕೆ ಬಂದಳು. ನಾವು ಹಳ್ಳಕ್ಕಿಳಿದು ಐದು ನಿಮಿಷವೂ ಆಗಿರಲಿಲ್ಲ.

"ಒಲೆ ಹೊಗೆಯಾಡ್ತಿತ್ತು. ಇಲ್ಲೇ ಎಲ್ಲೋ ಇದ್ದಾರೆ ಅಂದ್ಕೊಂಡೆ. ಏಳು ಮನೆ ಬಾಗಿಲೂ ಬಡಿದೆ. ಹಾರನ್ ಹೊಡೆಸಿದೆ. ಯಾವ ಕಡೆ ಹೋದ್ರೋ ಅಂತ ಮನೆ ಮುಂದೆ ಎಲ್ಲ ಹುಡುಕಿದೆ. ಹಿಮ ಹಾಲು ಹರವಿದ ಹಾಗಿತ್ತು ಕಣಮ್ಮ. ಒಂದು ಹೆಜ್ಜೆ ಕಂಡಿದ್ರೂ ಹಿಂದೇನೇ ಓಡಿ ಬರ್ತಿದ್ದೆ. ಕೊನೆಗೆ ಲಾರೀಲೇ ಹೋಟೆಲಿಗೆ ಸುತ್ತಿ ಬಂದ್ರೆ ಇವಳು ಹಳ್ಳ ತೋರಿಸಿದ್ಳು."

ಸೋಪಕ್ಕ ನನ್ನ ಕೈ ನೋಡಿದಳು.

"ಅಳಿಸಿದ್ಯಾ?" ಎಂದಳು. "ಇವತ್ತೂ ಅಳಿಸಿದ್ಯೇನೇ?"

ಪೊರಕೆ ನನ್ನ ಕೈಯಲ್ಲೇ ಇತ್ತು.

ಅಳಿಸು ಎಂದು ಯಾರೂ ಹೇಳಿರಲಿಲ್ಲ. ಸಾಹೇಬರೂ ಹೇಳಿರಲಿಲ್ಲ. ಸಾಯುತ್ತಿರುವವಳ ಹಿಂದೆ, ನಡು ಬಗ್ಗಿಸಿ, ಹಿಮ್ಮುಖವಾಗಿ, ಮಗುವಿನ ತಲೆ ನೇವರಿಸಿದ ಹಾಗೆ, ಅರವತ್ತು ಹೆಜ್ಜೆ. ಬಂಡಿಯ ಗೆರೆಯೂ ಉಳಿಯದ ಹಾಗೆ. ಪೊರಕೆಗೂ ಹೋಗಲ್ಲ ಎಂದಿದ್ದರು ಸಾಹೇಬರು. ಹೋಗಿತ್ತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಅಳಿಸಿರಲಿಲ್ಲ.

ನನಗೆ ಅಳು ಬರಲಿಲ್ಲ. ನರ್ಸಮ್ಮ ಏನೋ ಹೇಳುತ್ತಿದ್ದಳು, ನಿನ್ನ ತಪ್ಪಲ್ಲ ಎನ್ನುವಂಥ ಮಾತು. ಕಿವಿಗೆ ಬೀಳಲಿಲ್ಲ. ನನ್ನವರು ಎದ್ದು ಬಂಡಿಯನ್ನು ಮನೆಯ ಕಡೆಗೆ ತಿರುಗಿಸುತ್ತಿದ್ದರು. ಬಂದ ಹಳ್ಳದಲ್ಲೇ.

"ಅಲ್ಲಲ್ಲ," ಎಂದೆ. "ಮೇಲೆ ಹತ್ತಿಸಿ."

"ಎಲ್ಲಿಗೆ?"

"ಬಯಲಿಗೆ. ಮನೆಗೆ ಹೋಗೋ ದಾರಿ ಅದು."

ಅವರು ನನ್ನನ್ನು ನೋಡಿದರು. ಆಮೇಲೆ ಹಗ್ಗ ಹೆಗಲಿಗೆ ಹಾಕಿಕೊಂಡರು. ನಾಲ್ಕು ಜನ ಸೇರಿ ಬಂಡಿಯನ್ನು ಹಳ್ಳದ ದಡ ಹತ್ತಿಸಿದೆವು. ಸೋಪಕ್ಕನ ಕೈಯ ಬಿರುಕುಗಳೆಲ್ಲ ಬಾಯ್ಬಿಟ್ಟು ಹಗ್ಗ ಕೆಂಪಾಯಿತು.

ಮೇಲೆ ಬಿಸಿಲು ಕಣ್ಣು ಕುಕ್ಕಿತು. ಆರು ವರ್ಷದಲ್ಲಿ ಆ ಬಯಲಿನ ನಡುವೆ ನಾನು ನಿಂತದ್ದೇ ಇಲ್ಲ. ಕಾಲು ಮೊಣಕಾಲಿನವರೆಗೆ ಇಳಿಯಿತು. ಎತ್ತಿ ಇಟ್ಟೆ. ಮತ್ತೆ ಇಳಿಯಿತು. ಬಂಡಿಯ ಎರಡು ಗೆರೆ, ನಾಲ್ಕು ಜನರ ಹೆಜ್ಜೆ. ಸೋಪಕ್ಕನ ಕೈಯಿಂದ ಅಲ್ಲಲ್ಲಿ ಒಂದು ಹನಿ.

ಹೋಟೆಲಿನ ಕಿಟಕಿಗಳಲ್ಲಿ ಮುಖಗಳು ಕಂಡವು. ಕ್ಯಾಮೆರಾದವರು ಅಂಗಳದಲ್ಲಿ ಕೈ ಬೀಸುತ್ತಿದ್ದರು, ಪಕ್ಕಕ್ಕೆ, ಪಕ್ಕಕ್ಕೆ ಎಂದು. ಕಿಟಕಿ ಸಾಹೇಬರು ಕೋಟೂ ಇಲ್ಲದೆ ಓಡಿಬಂದರು. ಬಯಲಿನ ಅಂಚಿಗೆ ಬಂದು ಗಕ್ಕನೆ ನಿಂತರು. ಅಷ್ಟು ಸಿಟ್ಟಿನಲ್ಲೂ ಹಿಮದ ಮೇಲೆ ಕಾಲಿಡಲಿಲ್ಲ. ಅಂಚಿನಲ್ಲೇ ಆ ಕಡೆ ಈ ಕಡೆ ನಡೆದರು.

"ಏನಮ್ಮಾ ಇದು! ಏನು ಮಾಡ್ತಿದ್ದೀರಿ!"

"ಸತ್ತಿದ್ದಾಳೆ ಸಾಹೇಬ್ರೇ," ಎಂದು ಕೂಗಿದೆ. "ಮನೆಗೆ ಕರ್ಕೊಂಡು ಹೋಗ್ತಿದ್ದೀವಿ."

ಅವರ ಮುಖ ಸಣ್ಣಗಾಯಿತು. ಸುಳ್ಳು ಹೇಳಬಾರದು, ನಿಜಕ್ಕೂ ಸಣ್ಣಗಾಯಿತು. ಕೈ ಮುಗಿದರು. ಆಮೇಲೆ ಆಕಾಶ ನೋಡಿದರು.

"ಆಗಿದ್ದು ಆಗಿಹೋಯ್ತಮ್ಮ. ಅವರನ್ನ ಮನೆ ಮುಟ್ಟಿಸಿ. ಆಮೇಲೆ ನೀವು ಪೊರಕೆ ತಗೊಂಡು ಬಂದು... ಎರಡು ಗಂಟೆವರೆಗೂ ಬಿಸಿಲಿದೆ."

"ಅಳಿಸಲ್ಲ."

"ಏನಂದ್ರಿ?"

"ಅಳಿಸಲ್ಲ ಅಂದೆ. ನೀವೇ ಬಂದು ಅಳಿಸಿ. ಬನ್ನಿ, ಕಾಲಿಡಿ."

ಅವರು ಕಾಲಿಡಲಿಲ್ಲ.

"ಮನೆ ಖಾಲಿ ಮಾಡ್ಬೇಕಾಗುತ್ತೆ. ನಾನು ಹೇಳ್ತಿರೋದಲ್ಲ ಇದು. ಮೇಲಿನವರು ಕೇಳ್ತಾರೆ."

ಬಾಯಿ ಸತ್ತ ನನ್ನ ಗಂಡ ಆಗ ಬಾಯಿ ಬಿಟ್ಟರು. ಹಗ್ಗ ಹೆಗಲ ಮೇಲೇ ಇತ್ತು.

"ಮಾಡ್ತೀವಿ ಸ್ವಾಮಿ. ಹೋಗುವಾಗ್ಲೂ ಇದರ ಮೇಲೇ ಹೋಗ್ತೀವಿ."

ಒಂದು ಕಿಟಕಿಯಲ್ಲಿ ಆ ಹೆಂಗಸು ನಿಂತಿದ್ದಳು, ಪುಣ್ಯವಂತರು ಎಂದವಳು. ನಾನು ಅವಳನ್ನೇ ನೋಡಿದೆ. ಅವಳು ಪರದೆ ಎಳೆದುಕೊಂಡಳು.

ಮಧ್ಯಾಹ್ನ ಮೂರಕ್ಕೆ ಗೋಡೆಯ ಫೋನು ಬಡಿದುಕೊಂಡಿತು. ಹೊಗೆಯ ಹೊತ್ತು. ಅತ್ತೆ ಒಲೆಯ ಪಕ್ಕದಲ್ಲೇ ಮಲಗಿದ್ದಳು, ಮಲಗಿ ಎಷ್ಟೋ ದಿನವಾಗಿತ್ತು ಪಾಪ. ನೆಲ ಕಬ್ಬಿಣವಾಗಿದೆ, ಹಿಮ ಕರಗುವವರೆಗೆ ಗುಂಡಿ ತೋಡುವಂತಿಲ್ಲ. ಅದಕ್ಕೆ ಮುಂಚೆಯೇ ನಾವು ಈ ಮನೆ ಬಿಡಬೇಕು. ಅವಳನ್ನು ಎಲ್ಲಿಡುವುದೋ. ಮುಂದಿನ ರಾತ್ರಿಗಳನ್ನು ನಾವು ಎಲ್ಲಿ ಕಳೆಯುವುದೋ. ಸೋಪಕ್ಕನ ಕೆಲಸ ಆಗಲೇ ಹೋಗಿತ್ತು. ಸಾಹೇಬರ ಫೋನು ಮುಟ್ಟಿದ್ದಕ್ಕೆ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ನಾನು ಒಲೆಯಲ್ಲಿದ್ದ ಹಸಿ ಕಟ್ಟಿಗೆಯನ್ನೆಲ್ಲ ಎಳೆದು ಹೊರಗೆ ಎಸೆದೆ. ಪೊರಕೆಯನ್ನು ಮಂಡಿಗೆ ಕೊಟ್ಟು ಮುರಿದು ಒಲೆಗೆ ಹಾಕಿದೆ. ಆರು ವರ್ಷದ ಒಣ ಕಡ್ಡಿ. ಚಟಪಟ ಎಂದು ಹತ್ತಿಕೊಂಡಿತು. ಒಂದಿಷ್ಟೂ ಹೊಗೆ ಬರಲಿಲ್ಲ. ಅತ್ತೆಯ ಮುಖದ ಮೇಲೆ ಬೆಳಕು ಬಿತ್ತು. ಮನೆ ಬೆಚ್ಚಗಾಯಿತು. ಇಷ್ಟು ಬೆಚ್ಚಗೆ ಅವಳು ಯಾವತ್ತೂ ಕೂತಿರಲಿಲ್ಲ.

ಬಾಗಿಲು ತೆರೆದರೆ ಹಿಮ ಬೀಳುತ್ತಿತ್ತು. ದಪ್ಪ ದಪ್ಪ ಹಿಮ, ಸದ್ದಿಲ್ಲದ ಹಿಮ. ಬಯಲಿನ ನಡುವಿನ ನಮ್ಮ ಗೆರೆ ಅರ್ಧ ಮುಚ್ಚಿತ್ತು. ಬೆಳಗಾದರೆ ಏನೂ ಇರುವುದಿಲ್ಲ. ಕ್ಯಾಮೆರಾದವರು ಇನ್ನೊಂದು ಬಿಸಿಲಿಗೆ ಕಾದರೆ ಸಾಕು.

ನಾನು ದೇವರ ಜೊತೆ ಜಗಳವಾಡಿದವಳಲ್ಲ. ಆ ಹೊತ್ತು ಮೇಲೆ ನೋಡಿ ಕೇಳಿದೆ. "ನೀನೂ ಅವರ ಹತ್ರಾನೇ ಕೆಲಸಕ್ಕೆ ಸೇರ್ಕೊಂಡ್ಯಾ?"

ಹಿಮ ಮುಖದ ಮೇಲೆ ಬಿತ್ತು. ಅಷ್ಟೇ.

ಬಯಲಿಗೆ ಇಳಿದೆ. ಬೆಳಿಗ್ಗೆಯ ಹೆಜ್ಜೆಗಳನ್ನು ಕಾಲಿನಿಂದಲೇ ಹುಡುಕಿ, ಒಂದೊಂದರಲ್ಲೂ ಕಾಲಿಟ್ಟು ಒತ್ತಿ ನಡೆದೆ. ಮುಖ ಮುಂದು ಮಾಡಿ ನಡೆದೆ. ಅತ್ತೆ ನಿಲ್ಲಿಸಿದ ಮಾತಿನಿಂದ ಪದ ಎತ್ತಿಕೊಂಡೆ. ಅವಳ ಹಾಗೆಯೇ, ಸಾಲಿಗೊಂದು ಉಸಿರು. ಹಿಂದಿನಿಂದ ಬಾಗಿಲ ಸದ್ದಾಯಿತು. ನನ್ನವರೋ ಸೋಪಕ್ಕನೋ, ತಿರುಗಿ ನೋಡಲಿಲ್ಲ.

ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಹೆಜ್ಜೆ ತುಂಬಿಹೋಗಿತ್ತು. ತಿರುಗಿದೆ. ಮತ್ತೆ ಮೊದಲಿನಿಂದ ನಡೆದೆ.